ಟಕ್ ಟಕ್ ಸದ್ದು

ಎರಡು ದಿನದಿಂದ ಒಂದು ಫೋಲ್ಡರ್ ತೆರೆಯೋಕೂ ಕಂಪ್ಯೂಟರ್ ಒದ್ದಾಡುತ್ತಿತ್ತು. ವೈರಸ್ ಇರಬೇಕು ಅಂದುಕೊಂಡೆ. ನಿನ್ನೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಒಳಗಿನಿಂದ ಟಕ್ ಟಕ್ ಅಂತ ಕೇಳಿಸಿತು, ಎದೆ ಧಸಕ್ಕೆಂದಿತು.

ಹಾರ್ಡ್ ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದಿಟ್ಟುಕೊಳ್ಳುತ್ತದೆ, ಅದಕ್ಕೆ ಸ್ಮಾರ್ಟ್ ಅಂತಾರೆ. ತೆಗೆದು ನೋಡಿದರೆ ಮೇಲೆ 'ಪಾಸ್' ಅಂತಲೇ ಇತ್ತು. ಸುಮ್ನೆ ಅದನ್ನು ನಂಬಿ ಮುಚ್ಚಿಬಿಡುತ್ತಿದ್ದೆ, ಆದರೆ ಕೆಳಗೆ 197 ಸಂಖ್ಯೆಯ ಸಾಲಿನಲ್ಲಿ 24 ಅಂತ ಕಂಡಿತು. ಅಂದರೆ ಓದೋಕೆ ಬಾರದೆ ಕಾಯುತ್ತಿರುವ ಸೆಕ್ಟರ್‌ಗಳು, ಅಂದರೆ ಡಿಸ್ಕಿನಲ್ಲಿ ಡೇಟಾ ಇಡುವ ಪುಟ್ಟ ಜಾಗಗಳು, 24. ಕೆಟ್ಟ ಸೆಕ್ಟರ್‌ಗಳ ಬದಲು ಬೇರೆಯವನ್ನು ಬಳಸಿದ ಲೆಕ್ಕ 5 ಸಂಖ್ಯೆಯ ಸಾಲಿನಲ್ಲಿರುತ್ತದೆ, ಅದೂ ಸೊನ್ನೆ ಇರಲಿಲ್ಲ. ಡೇಟಾ ಸಾಗುವಾಗ ಆದ ತಪ್ಪುಗಳನ್ನು ಎಣಿಸುವ 199 ಮಾತ್ರ ಏರುತ್ತಿದ್ದರೆ ಎಷ್ಟೋ ಸಲ ಕೇಬಲ್ ಬದಲಾಯಿಸಿದರೆ ಸಾಕು. ನನಗೆ ಆ ಅದೃಷ್ಟ ಇರಲಿಲ್ಲ.

ಕೈ ಮೊದಲು ಹೋಗೋದೇ ಡಿಸ್ಕ್ ಪರೀಕ್ಷಿಸಿ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಕಡೆಗೆ, ಅಲ್ವಾ? ದಯವಿಟ್ಟು ಬೇಡ. ಸೋತ ಡಿಸ್ಕಿಗೆ ಅದು ಇನ್ನೂ ಜಾಸ್ತಿ ಕೆಲಸ ಕೊಡುತ್ತದೆ, ಫೈಲ್‌ಗಳ ಪಟ್ಟಿಯನ್ನೂ ತಿದ್ದಬಹುದು. ಮೊದಲು ನಕಲು, ಪರೀಕ್ಷೆ ಎಲ್ಲ ಆಮೇಲೆ. ಕೆಟ್ಟ ಡಿಸ್ಕಿನಿಂದ ನಕಲು ತೆಗೆಯುವ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಮರಳುತ್ತದೆ.

ಎಷ್ಟು ಗಂಟೆ ನಡೆದಿದೆ ಅಂತ ಹೇಳುವ 9 ಸಂಖ್ಯೆಯ ಸಾಲು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಈ ಡಿಸ್ಕ್ 31,000 ಗಂಟೆ ನಡೆದಿದೆ. ಅಷ್ಟು ದಿನ ಎಲ್ಲವನ್ನೂ ಬರೆದಿಟ್ಟಿತ್ತು, ನಾನು ಒಮ್ಮೆಯೂ ತೆರೆದು ನೋಡಿರಲಿಲ್ಲ. ಮಗಳ ಮೊದಲ ವರ್ಷದ ಫೋಟೋಗಳು ಇದರಲ್ಲಷ್ಟೇ ಇವೆ.

ಈಗ ನಕಲು ನಡೆಯುತ್ತಿದೆ. ಅರ್ಧ ದಾಟಿದೆ. ಪಕ್ಕದಲ್ಲೇ ಕೂತಿದ್ದೇನೆ.