ಕೊನೆಗೂ ತೋಳು ಬಂತು: ಕ್ಯಾನಿಫ್ ಬೆನ್ನು ಹತ್ತಿದ ಕಥೆ

ಬಂತು ಮಾರಾಯ್ರೇ! ಕೋಟಿನ ಒಂದು ತೋಳು. ಮೊಣಕೈ ಮಡಚಿದ ಕಡೆ ಗಟ್ಟಿ ಕಪ್ಪು, ಅಲ್ಲಿಂದ ಬೆಳಕಿನ ಕಡೆಗೆ ಸಣ್ಣಗಾಗುತ್ತಾ ಕರಗಿಹೋಗುವ ಬ್ರಷ್ ಗೆರೆಗಳು. ನೋಡಿದರೆ ಬಟ್ಟೆ ಅನ್ನಿಸುತ್ತೆ, ಒಳಗೆ ಕೈ ಇದೆ ಅನ್ನಿಸುತ್ತೆ. ಇಡೀ ಮಳೆಗಾಲ ಇದೊಂದೇ ತೋಳು ತಿಂದು ಹಾಕಿತು.

ಹೊಸದಾಗಿ ಓದುವವರಿಗೆ ಒಂದು ಮಾತು. ಹಳೆ ಕಾಮಿಕ್ಸ್ ಕಲಾವಿದರನ್ನು ಒಬ್ಬೊಬ್ಬರಾಗಿ ಹಿಡಿದು, ಅವರಿಂದ ಒಂದೊಂದು ವಿದ್ಯೆ ಕದಿಯುವುದು ನನ್ನ ಈ ವರ್ಷದ ಪ್ರಾಜೆಕ್ಟ್. ಟಿನ್‌ಟಿನ್ ಬರೆದ ಎರ್ಜೆ ಆಯಿತು. ಒಂದೇ ತರಹದ ಸ್ವಚ್ಛ ಗೆರೆ, ಬಟ್ಟೆಯ ಮೇಲೆ ನೆರಳೇ ಇಲ್ಲ, ಕಷ್ಟವೆಲ್ಲ ಪೆನ್ಸಿಲ್‌ನಲ್ಲೇ ಮುಗಿದಿರುತ್ತೆ. ಜ್ಯಾಕ್ ಕರ್ಬಿಯ ಕಪ್ಪು ಚುಕ್ಕಿಗಳ ಸ್ಫೋಟವೂ ಆಯಿತು. ಅದು ಬರೀ ಮಜಾ. ಉಂಡೆ ಉಂಡೆ ಕಪ್ಪು ಹಾಕುತ್ತಾ ಹೋದರೆ ಅಂತರಿಕ್ಷ ತಾನಾಗಿಯೇ ಕುದಿಯುತ್ತೆ. ಮೂರನೆಯವನು ಮಿಲ್ಟನ್ ಕ್ಯಾನಿಫ್, ಬ್ರಷ್ಷಿನ ದಟ್ಟ ಕಪ್ಪಿನಿಂದಲೇ ನೆರಳು ಬೆಳಕು ಕಟ್ಟುತ್ತಿದ್ದ ಅಮೆರಿಕದ ಕಲಾವಿದ. ಗಾಡಿ ಅಲ್ಲಿ ನಿಂತಿತು.

ಈ ತರಹದ ಬ್ರಷ್ ಕೆಲಸವನ್ನು ನೋಡದವರು ನಮ್ಮಲ್ಲಿ ಕಡಿಮೆ. 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲೂ ಬರುತ್ತಿತ್ತಲ್ಲ, ಅದರ ಫ್ಯಾಂಟಮ್ ನೆನಪು ಮಾಡಿಕೊಳ್ಳಿ. 1961ರಿಂದ ಆ ಚಿತ್ರಗಳನ್ನು ಬರೆದವನು ಸೈ ಬ್ಯಾರಿ. ಕಾಡಿನ ಕಪ್ಪು, ಬೆನ್ನಿನ ಸ್ನಾಯುಗಳ ಮೇಲೆ ಜಾರುವ ಗೆರೆ, ಎಲ್ಲ ಬ್ರಷ್ಷಿನ ಆಟ. ನಾವು ಕಥೆ ಓದುತ್ತಿದ್ದೆವು, ಗೆರೆ ನೋಡುತ್ತಿರಲಿಲ್ಲ ಅಷ್ಟೇ.

ಅಸಲಿಗೆ ಕ್ಯಾನಿಫ್ ಕೂಡ ಕದ್ದವನೇ! ಅದೂ ತನ್ನ ಗೆಳೆಯ ನೋಯೆಲ್ ಸಿಕಲ್ಸ್‌ನಿಂದ. ಇಬ್ಬರೂ ಓಹಾಯೋದವರು, ನ್ಯೂಯಾರ್ಕಿನಲ್ಲಿ ಒಂದೇ ಸ್ಟುಡಿಯೋದಲ್ಲಿ ಕೂತು ಬರೆಯುತ್ತಿದ್ದರು. 1933ರ ಕೊನೆಗೆ ಸಿಕಲ್ಸ್‌ಗೆ ಪತ್ರಿಕೆಯ ಒಂದು ಸ್ಟ್ರಿಪ್ (ದಿನಾ ಒಂದೊಂದು ಸಾಲು ಬರುವ ಚಿತ್ರಕಥೆ) ಸಿಕ್ಕಿತು. ಅದನ್ನು ಮೊದಲು ಬರೆಯುತ್ತಿದ್ದವನ ಶೈಲಿಯಲ್ಲೇ ಶುರುಮಾಡಬೇಕಾಯಿತು. ಆಮೇಲೆ ಯಾರಿಗೂ ಗೊತ್ತಾಗದ ಹಾಗೆ, ಮೆಲ್ಲಗೆ, ಸುತ್ತುಗೆರೆ ಬಿಟ್ಟು ನೆರಳಿನಲ್ಲೇ ಚಿತ್ರ ಕಟ್ಟತೊಡಗಿದ. ಮುಖದ ಅರ್ಧ ಕಪ್ಪು, ವಿಮಾನದ ರೆಕ್ಕೆಯ ಕೆಳಗೆ ಕಪ್ಪು, ಉಳಿದದ್ದು ಖಾಲಿ ಕಾಗದ. ಕ್ಯಾನಿಫ್ 1934ರಲ್ಲಿ ತನ್ನ ‘ಟೆರಿ ಅಂಡ್ ದ ಪೈರೇಟ್ಸ್’ ಶುರುಮಾಡಿ, ಸ್ವಲ್ಪ ಸಮಯದಲ್ಲೇ ಇದನ್ನು ಎತ್ತಿಕೊಂಡ. ದಿನಾ ಒಂದು ಸ್ಟ್ರಿಪ್ ಕೊಡಬೇಕಾದವನಿಗೆ ಸಾವಿರ ಸಣ್ಣ ಗೆರೆಗಿಂತ ಒಂದು ದೊಡ್ಡ ಕಪ್ಪು ಬೇಗ ಮುಗಿಯುತ್ತೆ, ಅಲ್ವಾ?

ಸರಿ, ತೋಳಿಗೆ ಬರೋಣ. ಪೆನ್ಸಿಲ್, ಸುತ್ತುಗೆರೆ, ಕಪ್ಪು ತುಂಬುವುದು ಎಲ್ಲ ನಿಮಗೆ ಗೊತ್ತಿರುವುದೇ, ಬಿಡಿ. ತಕರಾರು ಇದ್ದದ್ದು ಫೆದರಿಂಗ್‌ನಲ್ಲಿ, ಅಂದರೆ ಕಪ್ಪಿನಿಂದ ಬೆಳಕಿನ ಕಡೆಗೆ ಸಣ್ಣಗಾಗುವ ಆ ಗೆರೆಗಳನ್ನು ಎಳೆಯುವುದರಲ್ಲಿ. ಕಪ್ಪಿನ ಅಂಚಿನಿಂದ ಗೆರೆ ಎಳೆದಾಗೆಲ್ಲ ತೋಳಿನ ಮೇಲೆ ಬಾಚಣಿಗೆ ಅಂಟಿಸಿದ ಹಾಗೆ ಕಾಣುತ್ತಿತ್ತು. ಗೆರೆ ಒಂದೊಂದೂ ಚೆನ್ನಾಗಿತ್ತು. ಬುಡ ದಪ್ಪ, ತುದಿ ಚೂಪು. ಆದರೂ ಬಟ್ಟೆ ಆಗಲೊಲ್ಲದು.

ಮೊದಲ ಅನುಮಾನ ಬ್ರಷ್ ಮೇಲೆ. ಇಂಕಿಂಗ್ (ಪೆನ್ಸಿಲ್ ಚಿತ್ರದ ಮೇಲೆ ಶಾಯಿ ಹಾಕುವುದು) ಮಾಡುವವರೆಲ್ಲ ಜಪಿಸುವುದು ವಿನ್ಸರ್ ಅಂಡ್ ನ್ಯೂಟನ್ ಸೀರೀಸ್ 7 ಬ್ರಷ್ಷನ್ನು. ಅದು ಕೊಲಿನ್‌ಸ್ಕಿ ಅನ್ನುವ ಸಣ್ಣ ಪ್ರಾಣಿಯ ಕೂದಲು, ಬ್ರಷ್ ಲೋಕದಲ್ಲಿ ಇಂಥದ್ದಕ್ಕೆ ಸೇಬಲ್ ಅಂತಾರೆ. ಬೆಲೆ ಕೇಳಿದರೆ ಆ ಪ್ರಾಣಿಯನ್ನೇ ಸಾಕಬಹುದೇನೋ ಅನ್ನಿಸುತ್ತೆ. ಅದಕ್ಕೆ ಬದಲು ಆನ್‌ಲೈನ್‌ನಲ್ಲಿ ‘ಪ್ಯೂರ್ ಸೇಬಲ್’ ಅಂತ ಬರೆದಿದ್ದ ಒಂದನ್ನು ತರಿಸಿದೆ. ನೀರಿಗೆ ಅದ್ದಿ ಕೊಡವಿದರೆ ತುದಿ ಎರಡಾಗಿ ಸೀಳಿಕೊಳ್ಳುತ್ತೆ. ಅಪ್ಪಟ ನೈಲಾನ್. ಮಾರಿದವರಿಗೆ ಬರೆದರೆ ‘ಸೇಬಲ್ ಎಂದರೆ ಬಣ್ಣ ಸಾರ್’ ಅಂತ ಉತ್ತರ. ಮುಂದೆ ಮಾತಾಡಲು ಏನಿದೆ?

ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದಾಗ, ಕೌಂಟರ್ ಕೆಳಗಿನಿಂದ ‘ಒರಿಜಿನಲ್ ಕೂದಲು’ ಅಂತ ಒಂದು ಬ್ರಷ್ ತೆಗೆದರು. ಬೆಳಕಿಗೆ ಹಿಡಿದು ನೋಡಿದೆ. ತುದಿ ಕಪ್ಪಗೆ, ನಡುವೆ ಕೆನೆ ಬಣ್ಣ, ಬುಡದಲ್ಲಿ ಕಂದು. ಮುಂಗುಸಿ. ನಮ್ಮ ವನ್ಯಜೀವಿ ಕಾಯ್ದೆಯಲ್ಲಿ ಮುಂಗುಸಿಗೆ ರಕ್ಷಣೆ ಇದೆ, ಅದರ ಕೂದಲಿನ ಬ್ರಷ್ ಮಾರುವುದೂ ಅಪರಾಧ. ಒಂದು ಬ್ರಷ್ಷಿಗಾಗಿ ಪ್ರಾಣಿ ಸಾಯುವುದು ಬೇಡವೇ ಬೇಡ. ಯಾರಾದರೂ ಹೀಗೆ ಮೂರು ಬಣ್ಣದ ಕೂದಲು ತೋರಿಸಿದರೆ ನೀವೂ ಎದ್ದು ಬನ್ನಿ. ಕೊನೆಗೆ ಸಿಕ್ಕಿದ್ದು ಸಾಧಾರಣ ಬೆಲೆಯ ಸಿಂಥೆಟಿಕ್, ಸೈಜ್ 3. ತುದಿ ಕೂಡುತ್ತೆ, ಬಗ್ಗಿಸಿದರೆ ವಾಪಸ್ ನೆಟ್ಟಗಾಗುತ್ತೆ. ಸಾಕು.

ಆದರೆ ಬಾಚಣಿಗೆ ಹೋಗಲಿಲ್ಲ! ಅಂದರೆ ಬ್ರಷ್ಷಿನದು ತಪ್ಪಿರಲಿಲ್ಲ.

ಆಮೇಲೆ ಅಳತೆ. ಅಮೆರಿಕದ ಕಾಮಿಕ್ ಪುಸ್ತಕಗಳ ಮೂಲ ಪುಟಗಳು 1967ರ ಸುಮಾರಿನವರೆಗೆ ಅಚ್ಚಿನ ಎರಡು ಪಟ್ಟು ದೊಡ್ಡದಿರುತ್ತಿದ್ದವು. ಆಮೇಲೆ ಒಂದೂವರೆ ಪಟ್ಟಿಗೆ ಇಳಿದವು. ಪತ್ರಿಕೆಯ ಸ್ಟ್ರಿಪ್‌ಗಳನ್ನೂ ದೊಡ್ಡದಾಗಿ ಬರೆದೇ ಕುಗ್ಗಿಸುತ್ತಿದ್ದರು. ಅಚ್ಚಿನಲ್ಲಿ ಕೂದಲೆಳೆಯಂತೆ ಕಾಣುವ ಗೆರೆ ಮೂಲದಲ್ಲಿ ಆರಾಮಾಗಿ ಎಳೆದ ದಪ್ಪ ಗೆರೆ. ಹಾಗಾಗಿ ಎ3 ಹಾಳೆಗೆ ಹೋದೆ. ಅರ್ಧಕ್ಕೆ ಇಳಿಸಿದರೆ ಎ5, ಲೆಕ್ಕ ಸರಿಹೋಗುತ್ತೆ. ಕಾಗದ ತರಿಸುವುದು ಇನ್ನೊಂದು ಪುರಾಣ. 250 ಜಿಎಸ್‌ಎಂನ ದಪ್ಪ ಕಾಗದ ಕೇಳಿದರೆ ಮದುವೆ ಪತ್ರಿಕೆಯ ಒಳಹಾಳೆಯಂಥದ್ದು ಬಂತು, ಅದೂ ಸುರುಳಿ ಸುತ್ತಿ. ಶಾಯಿ ಬಿದ್ದರೆ ಅಂಚಿನಲ್ಲೆಲ್ಲ ಬೇರು ಬಿಡುತ್ತಿತ್ತು.

ಝೆರಾಕ್ಸ್ ಅಂಗಡಿಯವರಿಗೂ ನನಗೂ ಈಗ ಒಂಥರಾ ಸ್ನೇಹ. ‘50 ಪರ್ಸೆಂಟ್ ಹಾಕಿ’ ಅಂದರೆ ಹಾಳೆ ನೋಡಿ, ‘ಇದೇನ್ ಸಾರ್, ಪೂರ್ತಿ ಕಪ್ಪು, ಟೋನರ್ ಎಲ್ಲ ನೀವೇ ಖಾಲಿ ಮಾಡ್ತೀರಾ’ ಅಂತಾರೆ. ಕುಗ್ಗಿಸಿದ ಮೇಲೆ ಗೆರೆಗಳ ನಡುಕ ಮಾಯ. ದೊಡ್ಡ ಹಾಳೆಯಲ್ಲಿ ಮಣಿಕಟ್ಟಿನ ಬದಲು ಇಡೀ ತೋಳು ಆಡುತ್ತೆ, ಅದೂ ಲಾಭವೇ. ಬಾಚಣಿಗೆ ಮಾತ್ರ ಅಚ್ಚುಕಟ್ಟಾದ ಸಣ್ಣ ಬಾಚಣಿಗೆ ಆಯಿತು.

ಗುಟ್ಟು ಸಿಕ್ಕಿದ್ದು ಕ್ಯಾನಿಫ್‌ನ ಒಂದು ತೋಳನ್ನು ಪರದೆ ಮೇಲೆ ತುಂಬಾ ದೊಡ್ಡದು ಮಾಡಿ ನೋಡಿದಾಗ. ನಾನು ಗೆರೆಗಳ ಬುಡ ನೋಡುತ್ತಿದ್ದೆ. ನೋಡಬೇಕಾದ್ದು ತುದಿಗಳನ್ನು. ಎಲ್ಲ ತುದಿಗಳನ್ನೂ ಕಣ್ಣಲ್ಲೇ ಸೇರಿಸಿದರೆ ಒಂದು ಕಾಣದ ಗೆರೆ ಆಗುತ್ತೆ. ಬೆಳಕು ಶುರುವಾಗುವ ಗಡಿ ಅದು. ಅವನ ಚಿತ್ರದಲ್ಲಿ ಆ ಗಡಿ ಮೊಣಕೈ ಹತ್ತಿರ ಒಳಕ್ಕೆ ಸರಿಯುತ್ತೆ, ಬಟ್ಟೆ ಉಬ್ಬಿದ ಕಡೆ ಹೊರಗೆ ಹೋಗುತ್ತೆ, ಮಡಿಕೆಯಲ್ಲಿ ಚೂಪಾಗಿ ತಿರುಗುತ್ತೆ. ಅಂದರೆ ಅದಕ್ಕೇ ಒಂದು ಆಕಾರ ಇದೆ. ನನ್ನ ತುದಿಗಳು ಮಾತ್ರ ಸ್ಕೇಲ್ ಇಟ್ಟ ಹಾಗೆ ಒಂದೇ ಸಾಲಿಗೆ ನಿಲ್ಲುತ್ತಿದ್ದವು.

ಈಗ ಮಾಡುವುದು ಹೀಗೆ. ಕಪ್ಪು ತುಂಬುವ ಮೊದಲೇ ತುದಿಗಳ ಗಡಿಯನ್ನು ತೆಳ್ಳಗೆ ಪೆನ್ಸಿಲ್‌ನಲ್ಲಿ ಹಾಕುತ್ತೇನೆ. ಬ್ರಷ್ಷನ್ನು ಕಪ್ಪಿನ ಒಳಗೇ ಒತ್ತಿ ಶುರುಮಾಡಿ, ಗಡಿ ಹತ್ತಿರ ಬರುತ್ತಿದ್ದ ಹಾಗೆ ಎತ್ತುತ್ತಾ ಎಳೆಯುತ್ತೇನೆ. ಗೆರೆ ತೋಳಿನ ದುಂಡನೆಯ ಜೊತೆಗೇ ಬಾಗಬೇಕು. ಪ್ರತಿ ಗೆರೆಯೂ ನನ್ನ ಕಡೆಗೇ ಬರುವಂತೆ ಹಾಳೆ ತಿರುಗಿಸುತ್ತೇನೆ, ಕೈ ತಿರುಚುವುದಿಲ್ಲ. ನಡುವಿನ ಬಿಳಿ ಸಂದುಗಳು ಒಂದೇ ಸಮ ಇರಕೂಡದು. ಒಂದೆರಡು ಕಡೆ ಬುಡಗಳು ಕೂಡಿಕೊಂಡು ಕಪ್ಪಾದರೆ ಇನ್ನೂ ಚೆಂದ. ಶಾಯಿ ಜಾಸ್ತಿ ಇದ್ದರೆ ತುದಿ ಗುಂಡಾಗುತ್ತೆ, ಮೊದಲ ಗೆರೆಯನ್ನು ರದ್ದಿ ಕಾಗದದ ಮೇಲೆ ಎಳೆದುಬಿಡಿ. ಮಳೆಗಾಲದಲ್ಲಿ ಕಪ್ಪು ತುಂಬಿದ ಜಾಗ ಬೇಗ ಒಣಗುವುದಿಲ್ಲ, ಅಂಗೈ ಅಲ್ಲಿ ಇಡಬೇಡಿ. ನನ್ನ ಬನಿಯನ್ ಇದಕ್ಕೆ ಸಾಕ್ಷಿ.

ಮಜಾ ಏನೆಂದರೆ, ಇದು ಕೈಗೆ ಬಂದ ಮೇಲೆ ಗೆರೆಗಳೇ ಕಮ್ಮಿಯಾದವು. ಗಡಿ ಸರಿಯಾಗಿದ್ದರೆ ನಾಲ್ಕೈದು ಗೆರೆ ಸಾಕು. ಅಮೆರಿಕದ ಇನ್ನೊಬ್ಬ ಕಾಮಿಕ್ಸ್ ಕಲಾವಿದ ಅಲೆಕ್ಸ್ ಟೋತ್ ಈ ದಾರಿಯಲ್ಲೇ ಇನ್ನೂ ಮುಂದೆ ಹೋದವನು. ಸಿಕಲ್ಸ್, ಕ್ಯಾನಿಫ್ ಇಬ್ಬರನ್ನೂ ಅರೆದು ಕುಡಿದು, ಬೇಡದ್ದನ್ನೆಲ್ಲ ತೆಗೆಯುತ್ತಾ ಬಂದ. 1957ರಿಂದ ಅವನು ಬರೆದ ಜೋರೋ ಪುಟಗಳಲ್ಲಿ ಕಪ್ಪು ಮೇಲಂಗಿಗೆ ಮಡಿಕೆ ತೋರಿಸಲು ಎಷ್ಟು ಕಮ್ಮಿ ಬಿಳಿ ಬಿಡುತ್ತಾನೆ ನೋಡಿ. ಹೊಟ್ಟೆಕಿಚ್ಚಾಗುತ್ತೆ.

ಆದರೆ ಟೋತ್‌ಗಿಂತ ಮೊದಲು ಇನ್ನೊಂದು ಹುಚ್ಚು ಹತ್ತಿದೆ. ಕಾಗೆ! ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರಿಗೆ ಕಾಗೆ ಅಂದರೆ ಪ್ರಾಣ, ಎಷ್ಟೊಂದು ಕಾಗೆ ಬರೆದಿದ್ದಾರೆ. ಪೂರ್ತಿ ಕಪ್ಪು ಹಕ್ಕಿಯಲ್ಲಿ ಬೆಳಕಿನ ಗಡಿ ಎಲ್ಲಿ ಹಾಕುವುದು? ರೆಕ್ಕೆಯ ಮೇಲೋ, ಕತ್ತಿನ ಮೇಲೋ? ನಮ್ಮ ಮನೆಯ ಸಜ್ಜೆ ಮೇಲೆ ಬೆಳಗ್ಗೆ ಬರುವ ಕಾಗೆಯನ್ನು ಸ್ಕೆಚ್ ಮಾಡಲು ಶುರುಮಾಡಿದ್ದೇನೆ. ಚಪಾತಿ ಚೂರು ಮುಗಿದ ತಕ್ಷಣ ಮಾಡೆಲ್ ಹಾರಿ ಹೋಗುತ್ತೆ. ಅದೂ ಸಾಲದು ಅಂತ ಹಳೆ ಸ್ಟ್ರಿಪ್ ಕಲಾವಿದ ರಾಯ್ ಕ್ರೇನ್ ಬಳಸುತ್ತಿದ್ದ ಕ್ರಾಫ್ಟಿಂಟ್ ಬೋರ್ಡ್ ತಲೆಗೆ ಹೊಕ್ಕಿದೆ. ಅದರಲ್ಲಿ ಕಣ್ಣಿಗೆ ಕಾಣದ ಎರಡು ಗೆರೆ ವಿನ್ಯಾಸ ಮೊದಲೇ ಅಚ್ಚಾಗಿರುತ್ತಿತ್ತು. ಒಂದು ದ್ರವ ಸವರಿದರೆ ಒಂದು ವಿನ್ಯಾಸ, ಇನ್ನೊಂದು ಸವರಿದರೆ ಎರಡೂ ಮೂಡುತ್ತಿದ್ದವು. ಈಗ ಅದನ್ನು ಯಾರೂ ತಯಾರಿಸುವುದಿಲ್ಲ. ಕಂಪ್ಯೂಟರಿನಲ್ಲಿ ಎರಡು ಲೇಯರ್ ಹಾಕಿ ಅದೇ ಆಟ ಆಡಲು ಬರುತ್ತಾ ನೋಡಬೇಕು. ಅದು ಬೇಸಿಗೆಗೆ ಇರಲಿ.

ಸದ್ಯಕ್ಕೆ ನನ್ನ ಎ3 ಹಾಳೆ ಮುಗಿಯುತ್ತಾ ಬಂದಿದೆ. ಶಾಯಿ ಹರಡದ, ಬಿಡಿ ಹಾಳೆಯಾಗಿ, ಸುರುಳಿ ಸುತ್ತದೆ ಕೊಡುವ ಅಂಗಡಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.