ಒಡ್ಡು ಒಡೆದ ಮರುದಿನ

ಉಡುಪಿ ಜಿಲ್ಲೆಯಲ್ಲಿ ಸೀತಾ ನದಿಗೆ ಸೇರುವ ಒಂದು ಹೊಳೆಗೆ ಕಿಂಡಿ ಅಣೆಕಟ್ಟು ಕಟ್ಟುವ ಕೆಲಸದ ಉಸ್ತುವಾರಿ ನನ್ನದಾಗಿತ್ತು. ಮಳೆಗಾಲದಲ್ಲಿ ಕಿಂಡಿಗಳನ್ನು ತೆರೆದಿಟ್ಟು, ಮಳೆ ನಿಂತ ಮೇಲೆ ಹಲಗೆ ಇಳಿಸಿ ನೀರು ನಿಲ್ಲಿಸುವ ಇಂಥ ಕಟ್ಟುಗಳ ಕೆಲಸಕ್ಕೆ ಕರಾವಳಿಯಲ್ಲಿ ಸಿಗುವ ಕಾಲ ಬಹಳ ಕಡಿಮೆ. ಹೊಳೆ ಇಳಿಯುವ ಡಿಸೆಂಬರಿನಿಂದ ಮೇ ಕೊನೆಯವರೆಗೆ ಮಾಡಿದಷ್ಟೇ ಕೆಲಸ. ಊರಿನವರ ಲೆಕ್ಕ ಪತ್ತನಾಜೆಯದು. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಅದು ಮೇ 24 ಅಥವಾ 25ರ ಹೊತ್ತಿಗೆ ಬರುತ್ತದೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಆ ದಿನದೊಳಗೆ ನಾವೂ ಕೆಲಸ ಮುಗಿಸಿ ಹೊಳೆಯಿಂದ ಮೇಲೆ ಬಂದಿರಬೇಕೆಂದು ಮೊದಲ ದಿನವೇ ಎಲ್ಲರಿಗೂ ಹೇಳಿದ್ದೆ.

ಏಪ್ರಿಲ್ ನಡುವಿನ ಹೊತ್ತಿಗೆ ಹೊಳೆಯ ಒಂದು ಬದಿಯ ಕಂಬಗಳು ಎದ್ದಿದ್ದವು. ನೀರನ್ನು ಆ ಕಿಂಡಿಗಳ ಕಡೆಗೆ ತಿರುಗಿಸಿ, ಇನ್ನೊಂದು ಬದಿಗೆ ಮಣ್ಣು ಮತ್ತು ಮರಳಿನ ಚೀಲಗಳಿಂದ ತಾತ್ಕಾಲಿಕ ಒಡ್ಡು ಹಾಕಿ, ಒಳಗೆ ಜಿನುಗುವ ನೀರನ್ನು ಹಗಲೂ ರಾತ್ರಿ ಪಂಪಿನಿಂದ ಎತ್ತುತ್ತ ಅಡಿಪಾಯದ ಕಬ್ಬಿಣ ಕಟ್ಟುತ್ತಿದ್ದೆವು. ಒಡ್ಡಿನ ಮೇಲೆ ಇನ್ನೆರಡು ಸಾಲು ಚೀಲ ಏರಿಸೋಣವೆಂದು ಮೇಸ್ತ್ರಿ ಕೇಳಿದ್ದರು. ಅದಕ್ಕೆ ಎರಡು ದಿನ ಬೇಕು, ಆ ಎರಡು ದಿನ ನಮ್ಮಲ್ಲಿಲ್ಲ ಎಂದು ನಾನು ಬೇಡವೆಂದೆ. ವಿಷುವಿನ ಮರುದಿನ ಸಂಜೆ ಪಕ್ಕದ ತೋಟದ ಹಿರಿಯರೊಬ್ಬರು ದಂಡೆಯಲ್ಲಿ ನಿಂತು, "ಘಟ್ಟದ ಬದಿಯಲ್ಲಿ ಮೋಡ ಕಪ್ಪಾಗಿದೆ ಇಂಜಿನಿಯರ್ರೇ, ಇಲ್ಲಿ ಮಳೆ ಬಾರದಿದ್ದರೂ ಹೊಳೆಯಲ್ಲಿ ನೀರು ಬಂದೀತು" ಎಂದರು. ಪಂಪಿನ ಹುಡುಗನಿಗೆ ರಾತ್ರಿ ದಂಡೆಯ ಮೇಲೆಯೇ ಇರಲು ಹೇಳಿ ಮನೆಗೆ ಹೋದೆ. ಅಂದು ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ರಾತ್ರಿ ಎರಡು ಗಂಟೆಗೆ ಫೋನ್ ಬಂತು. "ಸಾಹೇಬ್ರ, ಒಡ್ಡು ಹೋತ್ರಿ. ನಾವೆಲ್ಲಾರೂ ಮ್ಯಾಲ ಅದೀವ್ರಿ." ಕೊಪ್ಪಳದ ಕಡೆಯ ಆ ಹುಡುಗ ಎರಡನೆಯ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಕ್ಕೆ ನಾನು ಇಂದಿಗೂ ಕೃತಜ್ಞ.

ಬೆಳಿಗ್ಗೆ ಹೋಗಿ ನೋಡಿದಾಗ ಪಂಪು ಮುಳುಗಿತ್ತು, ಸೆಂಟ್ರಿಂಗ್ ಹಲಗೆಗಳಲ್ಲಿ ಅರ್ಧ ತೇಲಿ ಹೋಗಿದ್ದವು, ಹನ್ನೆರಡು ದಿನ ಕೂತು ಕಟ್ಟಿದ ಕಬ್ಬಿಣದ ಜಾಲದ ಮೇಲೆ ಮೊಣಕಾಲಿನವರೆಗೆ ಕೆಸರು ತುಂಬಿತ್ತು. ತಗಡಿನ ಶೆಡ್ಡಿನಲ್ಲಿ ಎಲ್ಲರೂ ಮೌನವಾಗಿ ಕುಳಿತಿದ್ದರು. ಯಾರ ಮೇಲೆ ಮಾತು ಬರುತ್ತದೋ ಎಂದು ಪ್ರತಿಯೊಬ್ಬರೂ ಕಾಯುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಮೇಸ್ತ್ರಿ ಎರಡು ಸಾಲು ಹೆಚ್ಚು ಕೇಳಿದ್ದರು, ಬೇಡವೆಂದವನು ನಾನು, ಗುತ್ತಿಗೆದಾರರಿಗೂ ಹಾಗೆಯೇ ಬರೆದು ಕಳುಹಿಸಿದ್ದೇನೆ, ಈ ವಾರದ ಕೂಲಿ ಯಾರಿಗೂ ಕಡಿತವಾಗುವುದಿಲ್ಲ ಎಂದು ಹೇಳಿದೆ. ಸ್ವಲ್ಪ ಹೊತ್ತಿನ ಮೇಲೆ ನಮ್ಮ ಕಿರಿಯ ಇಂಜಿನಿಯರ್ ಎದ್ದು, ಒಡ್ಡಿನ ಕೆಳಮೂಲೆಯಲ್ಲಿ ಮೂರು ದಿನಗಳಿಂದ ಕೆಸರುನೀರು ಒಸರುತ್ತಿದ್ದುದನ್ನು ಕಂಡಿದ್ದೆ, ಗಡಿಬಿಡಿಯಲ್ಲಿದ್ದ ನಿಮಗೆ ಹೇಳಲು ಹಿಂಜರಿದೆ ಎಂದರು. ಒಸರುವ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ. ಕೆಸರಾಗಿದ್ದರೆ ಒಳಗಿನ ಮಣ್ಣು ಕೊಚ್ಚಿ ಹೋಗುತ್ತಿದೆ ಎಂದೇ ಅರ್ಥ. ಒಡ್ಡು ಒಡೆದುದಕ್ಕಿಂತಲೂ ಈ ಮಾತು ನನ್ನನ್ನು ಹೆಚ್ಚು ಕಾಡಿತು. ದಿನ ಬೆಳಗಾದರೆ ಎಷ್ಟು ಕೆಲಸವಾಯಿತೆಂದು ಮಾತ್ರ ಕೇಳುತ್ತಿದ್ದವನಿಗೆ ಒಸರುವ ನೀರಿನ ಸುದ್ದಿಯನ್ನು ಯಾರು ತಾನೇ ತರುತ್ತಾರೆ?

ಅಂದಿನಿಂದ ಸಂಜೆಯ ಮಾತುಕತೆಯಲ್ಲಿ ಮೊದಲ ಪ್ರಶ್ನೆಯನ್ನೇ ಬದಲಿಸಿದೆ. ನಾಳೆ ಯಾವ ಕೆಲಸ ನಿಲ್ಲುವ ಹಾಗಿದೆ, ಯಾಕೆ ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದೆ. ಮೊದಲೆರಡು ದಿನ ಉತ್ತರವೇ ಬರಲಿಲ್ಲ. ಮೂರನೆಯ ದಿನ ಕಬ್ಬಿಣ ಕಟ್ಟುವವರಲ್ಲಿ ಒಬ್ಬರು, ಬೈಂಡಿಂಗ್ ವೈರ್ ನಾಳೆ ಮಧ್ಯಾಹ್ನಕ್ಕೆ ಮುಗಿಯುತ್ತದೆ ಎಂದರು.

ಇನ್ನು ಉಳಿದದ್ದು ನಲವತ್ತು ದಿನಗಳಿಗೂ ಕಡಿಮೆ. ರಾತ್ರಿ ಪಾಳಿ ಹಾಕಿದರೆ ಎಲ್ಲವನ್ನೂ ಮುಗಿಸಬಹುದೆಂದು ಕಾಗದದ ಮೇಲೆ ತೋರಿಸುವುದು ಕಷ್ಟವಿರಲಿಲ್ಲ. ಆದರೆ ಮಳೆಗಾಲದ ಹೊಳೆಯಿಂದ ಅರ್ಧ ಎದ್ದ ಕಂಬಗಳಿಗೆ ಅಪಾಯವಿಲ್ಲ. ಅಡಿಪಾಯದ ಅಂಚು ತೆರೆದಿದ್ದರೆ ನೀರು ಅದರ ಕೆಳಗಿನಿಂದ ಕೊರೆದು, ಮುಗಿದ ಭಾಗವನ್ನೂ ಕೂರಿಸಿಬಿಡುತ್ತದೆ. ಆದ್ದರಿಂದ ಅಡಿಪಾಯ, ಅದರ ಅಂಚಿನಲ್ಲಿ ಆಳಕ್ಕೆ ಇಳಿಯುವ ತಡೆಗೋಡೆ ಮತ್ತು ದಂಡೆಯ ಕಲ್ಲುಕಟ್ಟಣೆ, ಇಷ್ಟನ್ನು ಮಾತ್ರ ಮುಗಿಸಿ, ಈ ಬದಿಯ ಕಂಬಗಳನ್ನು ಮೊಣಕಾಲೆತ್ತರಕ್ಕೆ ನಿಲ್ಲಿಸುವುದೆಂದು ಮೇಸ್ತ್ರಿಯೊಂದಿಗೆ ಕುಳಿತು ತೀರ್ಮಾನಿಸಿದೆ. ಮೇಲಿನವರು ಒಪ್ಪಲು ಒಂದು ವಾರ ಹಿಡಿಯಿತು. ತೋಟದವರಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಬರುವ ಬೇಸಿಗೆಗೆ ನೀರು ನಿಲ್ಲುವುದೆಂದು ನಂಬಿದ್ದ ಅವರು, ಕಲ್ಲು ಮಣ್ಣಿನಿಂದ ಹಳೆಯ ಕ್ರಮದ ಕಟ್ಟವನ್ನು ಇನ್ನೂ ಒಂದು ವರ್ಷ ಕೈಯಾರೆ ಕಟ್ಟಿಕೊಳ್ಳಬೇಕಾಗಿತ್ತು.

ಕೆಸರು ಮೆತ್ತಿದ ಕಬ್ಬಿಣವನ್ನು ಕಾಂಕ್ರೀಟು ಹಿಡಿಯುವುದಿಲ್ಲ. ಎಂಟು ಜನ ತಂತಿ ಬ್ರಷ್ ಹಿಡಿದು, ಒಂದೊಂದೇ ಸರಳನ್ನು ಸುತ್ತಲೂ ತಿಕ್ಕಿ, ನೀರು ಹಾಯಿಸಿ, ಸರಳುಗಳು ಕೂಡುವ ಗಂಟುಗಳಲ್ಲಿ ಒಣಗಿ ಕುಳಿತ ಮಣ್ಣನ್ನು ಮೊಳೆಯಿಂದ ಕೆದಕಿ ತೆಗೆದರು. ಅದಕ್ಕೆ ನಾಲ್ಕು ದಿನ ಹಿಡಿಯಿತು. ತಾವೇ ಕಟ್ಟಿದ್ದನ್ನು ತಾವೇ ತೊಳೆಯುವ ಬೇಸರದಲ್ಲಿ ಮೂವರು ಊರಿಗೆ ಹೊರಟುಹೋದರು. ಅವರನ್ನು ತಡೆಯುವ ಮನಸ್ಸು ನನಗಾಗಲಿಲ್ಲ. ನಾನೂ ಒಂದು ಬ್ರಷ್ ಹಿಡಿದು ಇಳಿದೆ. ಆ ನಾಲ್ಕು ದಿನಗಳಲ್ಲಿ ಕೇಳಿಸಿಕೊಂಡಷ್ಟು ಮಾತುಗಳನ್ನು ಅದರ ಹಿಂದಿನ ನಾಲ್ಕು ತಿಂಗಳಲ್ಲಿ ನಾನು ಕೇಳಿಸಿಕೊಂಡಿರಲಿಲ್ಲ.

ಪತ್ತನಾಜೆಗೆ ಮೂರು ದಿನ ಮೊದಲು ಹೊರಚಾಚಿದ ಸರಳುಗಳಿಗೆ ಸಿಮೆಂಟ್ ಹಾಲು ಬಳಿದು, ಒಡ್ಡನ್ನು ನಾವೇ ಕಡಿದು, ಹೊಳೆಗೆ ದಾರಿ ಬಿಟ್ಟೆವು. ಡಿಸೆಂಬರಿನಲ್ಲಿ ಮರಳಿದಾಗ ಮೇಸ್ತ್ರಿ ಹಾರೆ ಹಿಡಿದು ತಡೆಗೋಡೆಯ ಉದ್ದಕ್ಕೂ ಕುಟ್ಟುತ್ತ ನಡೆದರು. ಎಲ್ಲಿಯೂ ಟೊಳ್ಳು ಸದ್ದು ಬರಲಿಲ್ಲ. ಆಮೇಲೆ ಹೊಸ ಒಡ್ಡಿನ ಜಾಗದಲ್ಲಿ ನಿಂತು, "ಎಷ್ಟು ಸಾಲು ಸರ್?" ಎಂದು ಕೇಳಿದರು. ನೀವೇ ಹೇಳಿ ಎಂದೆ. ಅವರು ಹೇಳಿದ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದುಕೊಂಡೆ.