ಹುಬ್ಬಳ್ಳಿಗೆ ಸೀರೆ ಕೊಳ್ಳಲು ಹೊರಟಿದ್ದೀರಾ? ಸೆರಗು ತಿರುವಿ ನೋಡಿ

ಅಕ್ಕನ ಮಗಳ ಮದುವೆಗೆ ಕಸೂತಿ ಸೀರೆ ಬೇಕಿತ್ತು, ಅದಕ್ಕೇ ಹುಬ್ಬಳ್ಳಿಗೆ ಹೋದದ್ದು. ಪೇಟೆಯ ದೊಡ್ಡ ಅಂಗಡಿಯೊಂದರಲ್ಲಿ ಆರೂವರೆ ಸಾವಿರದ ಇಳಕಲ್ ಸೀರೆ ಹರಡಿ, ‘ಪಕ್ಕಾ ಕೈ ಕಸೂತಿ ನೋಡ್ರಿ ಅಕ್ಕಾರ’ ಅಂದರು. ಸೆರಗು ತಿರುವಿದರೆ ಒಳಮೈ ತುಂಬಾ ಬಿಳಿ ಬಾಬಿನ್ ದಾರ, ಸಂದಿಯಲ್ಲಿ ಅಂಟಿಕೊಂಡ ಕಾಗದದ ಚೂರು. ಅಪ್ಪಟ ಮಷಿನ್ ಕೆಲಸ. ಮಷಿನ್ ಸೀರೆ ಮಾರಲಿ, ಬೇಡ ಅನ್ನುವುದಿಲ್ಲ. ಅದಕ್ಕೆ ಕೈಕೆಲಸದ ಬೆಲೆ ಕೇಳುವುದು, ಎಳೆ ಎಣಿಸಿ ಎಣಿಸಿ ಕಣ್ಣು ಸವೆಸುವ ಹೆಣ್ಣುಮಕ್ಕಳ ಹೊಟ್ಟೆಯ ಮೇಲೆ ಹೊಡೆಯುವ ಕೆಲಸ.

ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂಥಿ ಎಂದು ನಾಲ್ಕು ಹೊಲಿಗೆ. ಗವಂತಿ, ಮುರ್ಗಿ ಎರಡೂ ಕಡೆ ಒಂದೇ ಥರ ಕಾಣುತ್ತವೆ; ಗಂಟು ಹಾಕುವ ಪದ್ಧತಿಯೇ ಇಲ್ಲ. ಗೆರೆ ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸಿಯೇ ಗೋಪುರ, ತೇರು, ಆನೆ ಮೂಡಿಸುತ್ತಾರೆ. ಧಾರವಾಡದಲ್ಲಿ ಮನೆಯಲ್ಲೇ ಹಾಕಿಕೊಡುವವರಿದ್ದಾರೆ; ಮದುವೆಗೆ ಬೇಕಿದ್ದರೆ ತಿಂಗಳುಗಳ ಮೊದಲೇ ಹೇಳಿಡಿ. ಸಾದಾ ಸೀರೆಗೆ ಹುಬ್ಬಳ್ಳಿಯ ಜವಳಿ ಸಾಲು, ದಾಜಿಬಾನಪೇಟೆ ಸಾಕು. ನೂಕುನುಗ್ಗಲು ಇರುತ್ತದೆ, ನನಗಂತೂ ಅದೇ ಇಷ್ಟ. ರಾಷ್ಟ್ರಧ್ವಜ ಹೊಲಿಯುವ ಬೆಂಗೇರಿಯ ಖಾದಿ ಕೇಂದ್ರ ಇರುವುದೂ ಇದೇ ಊರಲ್ಲಿ.

ಇನ್ನು ಊಟ. ದಯವಿಟ್ಟು ಹೋಟೆಲಿನ ಎಸಿ ಹಾಲ್‌ನಲ್ಲಿ ಕೂತು ಪನೀರ್ ತಿನ್ನಬೇಡಿ. ಯಾವುದಾದರೂ ಲಿಂಗಾಯತ ಖಾನಾವಳಿ ಹುಡುಕಿ. ನಾವು ಉಂಡ ಕಡೆ ಆರೇಳು ಟೇಬಲ್ಲು, ಒಳಗೆ ಇಬ್ಬರು ತಾಯಂದಿರು ರೊಟ್ಟಿ ಬಡಿಯುವ ಸಪ್ಪಳ. ಬಿಸಿ ರೊಟ್ಟಿಯೋ, ಒಣಗಿಸಿದ ಗರಿಗರಿ ಕಟಕ್ ರೊಟ್ಟಿಯೋ ಎಂದು ಮೊದಲೇ ಕೇಳುತ್ತಾರೆ; ಬಿಸಿಯದೇ ಹೇಳಿ. ಬದನೆಕಾಯಿ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಜುಣಕ, ಗುರೆಳ್ಳು ಚಟ್ನಿ, ಶೇಂಗಾ ಚಟ್ನಿ, ಕೆನೆಮೊಸರು. ಪಕ್ಕದಲ್ಲಿ ಹಸಿ ಮೆಂತ್ಯಸೊಪ್ಪು, ಉಳ್ಳಾಗಡ್ಡಿ. ಸಾಕು ಅಂದರೂ ‘ಇನ್ನೊಂದ್ ಅರ್ಧಾ ತಗೋರಿ, ಏನಾಗೂದಿಲ್ಲ’ ಎಂದು ಹಾಕಿಯೇ ಹೋದರು. ಕೊಟ್ಟ ದುಡ್ಡು ನಮ್ಮೂರಿನಲ್ಲಿ ಎರಡು ಮಸಾಲೆ ದೋಸೆಗೂ ಸಾಲದು. ಮಧ್ಯಾಹ್ನ ಒಂದರೊಳಗೆ ಹೋಗಿ, ತಡವಾದರೆ ಎಣ್ಣೆಗಾಯಿ ಮುಗಿದಿರುತ್ತದೆ. ಸಂಜೆಗೆ ದುರ್ಗದ ಬೈಲಿನ ಗಿರಮಿಟ್ (ಮಸಾಲೆ ಕಲಸಿದ ಮಂಡಕ್ಕಿ), ಮಿರ್ಚಿ. ಕೂರಲು ಜಾಗ ಹುಡುಕಬೇಡಿ, ನಿಂತೇ ತಿನ್ನಿ.

ಬಾರ್ ವಿಷಯ ನಮ್ಮ ಯಜಮಾನರ ಪಾಲಿನದು. ಅವರ ಪ್ರಕಾರ ಕುಡಿಯುವುದಕ್ಕಿಂತ ಸಾವಜಿ ಮಟನ್ನಿಗಾಗಿ ಹೋಗಬೇಕು. ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರ ಈ ಅಡುಗೆ ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ಹೆಸರುವಾಸಿ. ಖಾರ ಮಾತ್ರ ಕಣ್ಣಲ್ಲಿ ನೀರು ತರಿಸುತ್ತದೆ. ಮಕ್ಕಳ ಜೊತೆ ಹೋಗುವವರು ಫ್ಯಾಮಿಲಿ ಕೋಣೆ ಬೇರೆ ಇದೆಯೇ ಎಂದು ಕೇಳಿಯೇ ಒಳಗೆ ಕಾಲಿಡಿ.

ಧಾರವಾಡಕ್ಕೆ ಆಟೊದವರು ಹೇಳುವ ಬಾಡಿಗೆ ಕೊಡಬೇಡಿ. ಸುಮಾರು ಇಪ್ಪತ್ತು ಕಿಲೋಮೀಟರ್, ಎರಡೂ ಊರಿನ ನಡುವೆ ಓಡುವ ‘ಚಿಗರಿ’ ಬಸ್ಸು ತನಗೇ ಮೀಸಲಾದ ದಾರಿಯಲ್ಲಿ ಹೋಗುತ್ತದೆ, ಎಸಿಯೂ ಇದೆ. ಜುಬಿಲಿ ಸರ್ಕಲ್‌ನಲ್ಲಿ ಇಳಿದರೆ ಲೈನ್ ಬಜಾರಿನ ಠಾಕೂರ್ ಪೇಡೆ ಅಂಗಡಿ ದೂರವಿಲ್ಲ. ಅಲ್ಲಿ ಸಾಲು ನಿಲ್ಲಬೇಕು, ನಿಂತದ್ದಕ್ಕೆ ಮೋಸವಿಲ್ಲ: ಎಮ್ಮೆ ಹಾಲಿನ ಖೋವಾ ಕಂದು ಬಣ್ಣಕ್ಕೆ ಬರುವವರೆಗೆ ಹುರಿದ ಪೇಡೆ. ಆಫೀಸು ಬಿಡುವ ಹೊತ್ತಿಗೆ ಚಿಗರಿ ಕಿಕ್ಕಿರಿದಿರುತ್ತದೆ. ವಯಸ್ಸಾದವರು ಜೊತೆಗಿದ್ದರೆ ನಾಲ್ಕರೊಳಗೆ ವಾಪಸು ಹತ್ತಿಬಿಡಿ.